ಅವ್ವನ ಮಾತಿಗೊಂದು ಬೇರೆ ಮರ

ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಅಪ್ಪ ಹಿಂದೆ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಇಡುತ್ತಿದ್ದ ಗೂಡಿನಲ್ಲಿ, ಈಗ ಒಂದು ಸ್ವಿಚ್ಚಿದೆ. ದೀಪ ಹಚ್ಚುವ ಸ್ವಿಚ್ಚಲ್ಲ, ಇಂಟರ್ನೆಟ್ಟಿನದು. ಊರಿನ ಮನೆಗಳಿಂದ ಬಂದ ಕೇಬಲ್ಲುಗಳನ್ನೆಲ್ಲ ಸಾಲು ಸಾಲು ತೂತುಗಳಲ್ಲಿ ಕಚ್ಚಿಕೊಂಡು, ಯಾರ ಮಾತು ಯಾರಿಗೆ ಸೇರಬೇಕೋ ಅವರಿಗೆ ಕಳಿಸುವ ಚಪ್ಪಟೆ ಪೆಟ್ಟಿಗೆ. ನಾನು ಕೆಲಸ ಮಾಡುವ ಕೇಬಲ್ ಕಂಪನಿಯ ಆಫೀಸು ಇರುವುದು ಜಮಖಂಡಿಯಲ್ಲಿ. ರಬಕವಿ-ಬನಹಟ್ಟಿಯ ಪೆಟ್ಟಿಗೆ ಇಡಲು ಒಂದು ಜಾಗ ಬೇಕೆಂದಾಗ ನಾನು ನಮ್ಮ ಮನೆಯನ್ನೇ ತೋರಿಸಿದೆ. ಬೀಳಗಿಯ ಕೆಲಸವನ್ನು ಅಕ್ಕನ ಗಂಡ ನೋಡಿಕೊಳ್ಳುವುದರಿಂದ ಅಲ್ಲಿಯ ಪೆಟ್ಟಿಗೆ ಅಕ್ಕನ ಮನೆಯಲ್ಲಿದೆ. ಹೆಣ್ಣುಮಕ್ಕಳನ್ನು ಓದಿಸಿದ್ದಕ್ಕೆ ಮನೆಯೆಲ್ಲ ತಂತಿಯಾಯಿತು ಎಂದು ಅವ್ವ ಬಂದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಅಪ್ಪನಿಗೆ ಕಿವಿ ಕೇಳುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಪಾವರ್‌ಲೂಮಿನ ಶೆಡ್ಡಿನಲ್ಲಿ ಗಳಿಸಿಕೊಂಡದ್ದು. ಆ ಶೆಡ್ಡಿನೊಳಗೆ ಕಾಲಿಟ್ಟವರಿಗೆ ಗೊತ್ತು, ಅಲ್ಲಿ ಮಗ್ಗಗಳ ಸಪ್ಪಳ ಕಿವಿಗೆ ಬರುವುದಿಲ್ಲ, ಎದೆಗೆ ಬಡಿಯುತ್ತದೆ. ಎಷ್ಟು ಒದರಿದರೂ ಪಕ್ಕದವರಿಗೆ ಕೇಳಿಸದು. ಅದಕ್ಕೇ ಅಲ್ಲಿ ಯಾರೂ ಒದರುವುದಿಲ್ಲ. ತುಟಿಗಳನ್ನು ಅಗಲವಾಗಿ ಆಡಿಸುತ್ತ ದನಿಯೇ ಇಲ್ಲದೆ ಮಾತಾಡುತ್ತಾರೆ. ಅವ್ವ ಅಪ್ಪನ ಪಕ್ಕದ ಮಗ್ಗ ನಡೆಸುತ್ತಿದ್ದವಳು. ಅವರ ಜಗಳ, ಚೇಷ್ಟೆ, ನಮ್ಮ ಸಾಲೆಯ ಚಿಂತೆ, ಅಕ್ಕನ ಲಗ್ನದ ಮಾತುಕತೆ ಎಲ್ಲ ಆ ದನಿಯಿಲ್ಲದ ಮಾತಿನಲ್ಲೇ ಆಗಿಹೋದವು. ಈಗ ಪೂರಾ ಕಿವುಡಾದ ಮೇಲೂ ಅಪ್ಪನಿಗೆ ಅವ್ವನ ತುಟಿ ಅಚ್ಚು ಹಾಕಿದ ಹಾಗೆ ಓದಲು ಬರುತ್ತದೆ. ನನ್ನ ಮಾತು ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ತಾನೇ ಊಹಿಸಿಕೊಂಡು ಸಿಟ್ಟಾಗುತ್ತಾನೆ.

"ನೀ ತುಟಿ ಬಿಚ್ಚವಲ್ಲಿ. ಆಫೀಸ್ನ್ಯಾಗ ಕುಂತ ಕುಂತ ನಿನ್ನ ಬಾಯೇ ಸಣ್ಣದಾಗೇತಿ" ಎನ್ನುತ್ತಾನೆ. ನನ್ನ ಬಾಯಿ ಸಣ್ಣದೆಂದು ಹೇಳಿದವನು ಈ ಜಗತ್ತಿನಲ್ಲಿ ಅವನೊಬ್ಬನೇ.

ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಲ್ಲಿ ಹಿಡಿಯುವಷ್ಟು. ದವಾಖಾನೆಯಿಂದ ಮನೆಗೆ ಬಿಟ್ಟರೂ, ಕೂಸನ್ನು ಎಲ್ಲಿಗೂ ಕರೆದೊಯ್ಯಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಬಾಣಂತಿ ತವರಿಗೆ ಬರುವ ಬದಲು ತವರೇ ಬಾಣಂತಿಯ ಬಳಿಗೆ ಹೋಗಬೇಕಾಯಿತು. ಅವ್ವ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಬೀಳಗಿಗೆ ಹೊರಟಳು. ಅಪ್ಪನಿಗೆ ಹೋಗಲಾಗಲಿಲ್ಲ. ಕಿವಿ ಹೋದ ಮೇಲೆ ಅವನಿಗೆ ತಲೆ ತಿರುಗುವ ಕಾಯಿಲೆ ಜೊತೆಯಾಗಿದೆ. ಬಸ್ಸು ಹತ್ತಿದರೆ ಇಳಿಯುವಷ್ಟರಲ್ಲಿ ಹೆಣವಾಗಿರುತ್ತಾನೆ. ಲಗ್ನವಾದಾಗಿನಿಂದ ಅವರಿಬ್ಬರೂ ಹೀಗೆ ಬೇರೆ ಬೇರೆ ಊರಲ್ಲಿ ಇದ್ದದ್ದೇ ಇಲ್ಲ.

ಫೋನು ಅಪ್ಪನಿಗೆ ಉಪಯೋಗವಿಲ್ಲ, ಅವ್ವನಿಗೆ ಓದು ಬರಹ ಬಾರದು. ಮೊಬೈಲಿನ ಅಂಗೈಯಗಲದ ಚಿತ್ರದಲ್ಲಿ ತುಟಿ ಕಾಣಲು ಅವನ ಕಣ್ಣು ಸಾಲದು. ಒಮ್ಮೆ ಅಕ್ಕ ಅವ್ವನ ಮಾತನ್ನು ವಿಡಿಯೋ ಮಾಡಿ ಕಳಿಸಿದಳು, ನಾನು ಅದನ್ನು ಟಿವಿಗೆ ಹಚ್ಚಿ ತೋರಿಸಿದೆ. ಅಪ್ಪ ಅದರ ಜೊತೆ ಮಾತಾಡಿದ. ಕೇಳಿದ್ದಕ್ಕೆ ಅವ್ವ ಉತ್ತರ ಕೊಡದೆ ತನ್ನದೇ ಹೇಳುತ್ತ ಹೋದಳೆಂದು ಮುನಿಸಿಕೊಂಡು ಎದ್ದುಹೋದ.

ಕೊನೆಗೆ ಒದಗಿದ್ದು ಕಂಪನಿಯ ವಿಡಿಯೋ ಫೋನು. ಜಮಖಂಡಿ, ಬನಹಟ್ಟಿ, ಮುಧೋಳ, ಬೀಳಗಿ, ಈ ನಾಲ್ಕೂ ಊರಿನ ನಮ್ಮ ಕಂಪನಿಯ ಜಾಗಗಳಲ್ಲಿ ದೊಡ್ಡ ತೆರೆಯ ಒಂದೊಂದು ಫೋನಿದೆ, ಕೆಲಸದವರು ಒಬ್ಬರಿಗೊಬ್ಬರು ಪೆಟ್ಟಿಗೆ ತೋರಿಸಿಕೊಂಡು ರಿಪೇರಿ ಮಾಡಲೆಂದು. ಅದರಲ್ಲಿ ಅವ್ವನ ಮುಖ ಅವಳ ಮುಖದಷ್ಟೇ ದೊಡ್ಡದಾಗಿ ಬರುತ್ತದೆ. ಅಕ್ಕನ ಮನೆಯ ಕೆಲಸ ಮುಗಿಯುವುದೇ ದೀಪ ಹಚ್ಚುವ ಹೊತ್ತಿಗೆ. ಆ ಹೊತ್ತಿಗೆ ಸರಿಯಾಗಿ ಅಪ್ಪ ಮುಖ ತೊಳೆದು, ಟೊಪ್ಪಿಗೆ ಹಾಕಿಕೊಂಡು, ಊರಿಗೆ ಹೊರಟವನಂತೆ ತೆರೆಯ ಮುಂದೆ ಕೂರುತ್ತಿದ್ದ.

ಆದರೆ ಸಂಜೆಯೆಂದರೆ ನಾಲ್ಕೂ ಊರುಗಳು ಕ್ರಿಕೆಟ್ಟು, ಸಿನಿಮಾ ಎಂದು ಇಂಟರ್ನೆಟ್ಟಿಗೆ ಮುಗಿಬೀಳುವ ಹೊತ್ತು. ತೆರೆಯ ಮೇಲೆ ಅವ್ವನ ತುಟಿ ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ ಆಡುವಷ್ಟರಲ್ಲಿ ಮಾತು ಎಲ್ಲಿಗೋ ಹೋಗಿರುತ್ತಿತ್ತು. ನನಗಾದರೆ ದನಿ ಕೇಳುತ್ತದೆ, ಚಿತ್ರ ಸಿಕ್ಕಿಕೊಂಡರೂ ನಡೆಯುತ್ತದೆ. ಅಪ್ಪನಿಗೆ ಚಿತ್ರವೇ ದನಿ.

"ನಿಮ್ಮವ್ವ ಬಾಯಿ ತಗದ ನಿಂತಾಳ. ಏನ ಹೇಳಾಕತ್ತಾಳ ನೋಡ" ಎಂದು ನನ್ನನ್ನು ಕರೆಯುತ್ತಿದ್ದ. ನಾನು ಹೇಳಿದ್ದು ಅವನಿಗೆ ಅರ್ಧ ತಿಳಿಯುತ್ತಿತ್ತು. ಬರಬರುತ್ತ ಊಟ ಕಡಿಮೆಯಾಯಿತು, ಮಾತು ನಿಂತಿತು. ಅವ್ವ ಅದನ್ನು ನನ್ನಿಂದ ಕೇಳಿ ತಿಳಿದುಕೊಂಡಳು. ಒಂದು ದಿನ ನನ್ನ ಮೊಬೈಲಿಗೆ ಮಾಡಿ ಹೇಳಿಯೇಬಿಟ್ಟಳು.

"ಸೋಮವಾರ ಮುಂಜಾನಿ ಗಾಡಿಗೆ ಬರ್ತೇನಿ. ಇಲ್ಲೊಂದು ಕೂಸು, ಅಲ್ಲೊಂದು ಕೂಸು. ನಾ ಎಷ್ಟಂತ ಎದಿ ಹರಕೊಳ್ಳಲಿ?"

ಹಿಂದೆ ಅಕ್ಕ ಅಳುವುದು ಕೇಳಿಸಿತು. ಕೂಸಿನದು ಕೇಳಿಸಲಿಲ್ಲ. ಅದು ಇನ್ನೂ ದನಿ ತೆಗೆದು ಅಳುತ್ತಿರಲಿಲ್ಲ, ಹಾಲು ಎಳೆಯುವುದಕ್ಕೂ ತ್ರಾಣವಿರಲಿಲ್ಲ. ಅದಕ್ಕೆ ಗುಟುಕು ಗುಟುಕಾಗಿ ಹಾಲು ಕುಡಿಸುವ ಕೈ ಅವ್ವನದೊಂದೇ ಆಗಿತ್ತು. ಅವಳು ಬಂದರೆ ಅಲ್ಲಿ ಕೂಸಿನ ಗತಿಯೇನು, ಬರದಿದ್ದರೆ ಇಲ್ಲಿ ಅಪ್ಪನ ಗತಿಯೇನು ಎಂದು ನನಗೆ ಅನ್ನ ಸೇರಲಿಲ್ಲ.

ಚಿತ್ರ ಯಾಕೆ ಸಿಕ್ಕಿಕೊಳ್ಳುತ್ತಿತ್ತು ಎಂಬುದನ್ನು ಹೇಳಬೇಕು. ನಮ್ಮ ಫೈಬರು ನಾಲ್ಕು ಊರುಗಳನ್ನು ಬಳೆಯ ಹಾಗೆ ಸುತ್ತುತ್ತದೆ. ಜಮಖಂಡಿಯಿಂದ ಬನಹಟ್ಟಿ, ಬನಹಟ್ಟಿಯಿಂದ ಮುಧೋಳ, ಮುಧೋಳದಿಂದ ಬೀಳಗಿ, ಬೀಳಗಿಯಿಂದ ಗಲಗಲಿಯ ಮೇಲೆ ಹಾಯ್ದು ಮತ್ತೆ ಜಮಖಂಡಿ. ಕಬ್ಬು ಹೇರಿದ ಟ್ರ್ಯಾಕ್ಟರು ಎಲ್ಲಾದರೂ ತಂತಿ ಹರಿದುಕೊಂಡು ಹೋದರೆ ಇನ್ನೊಂದು ಬದಿಯಿಂದ ದಾರಿ ಇರಲಿ ಎಂದು ಈ ಬಳೆ. ಆದರೆ ಬಳೆಯಲ್ಲೇ ಒಂದು ಅಪಾಯವಿದೆ. "ಇಂಥವರು ಎಲ್ಲಿದ್ದೀರಿ" ಎಂದು ಒಂದು ಯಂತ್ರ ಎಲ್ಲರನ್ನೂ ಕೇಳಿದರೆ, ಸ್ವಿಚ್ಚು ಆ ಪ್ರಶ್ನೆಯನ್ನು ಬಂದ ಬಾಗಿಲೊಂದನ್ನು ಬಿಟ್ಟು ಉಳಿದ ಎಲ್ಲ ಬಾಗಿಲುಗಳಿಂದ ಹೊರಗೆ ಕಳಿಸುತ್ತದೆ. ಬಳೆ ಸುತ್ತಿ ಅದೇ ಪ್ರಶ್ನೆ ಮತ್ತೆ ಬಂದರೆ, ಇದು ಹಳೆಯದು ಎಂಬ ಗುರುತು ಸ್ವಿಚ್ಚಿಗಿಲ್ಲ. ಮತ್ತೆ ಕಳಿಸುತ್ತದೆ. ಆ ಪ್ರಶ್ನೆಗೆ ಮುಪ್ಪಿಲ್ಲ, ಸಾವಿಲ್ಲ. ಸುತ್ತುತ್ತಲೇ ಇರುತ್ತದೆ, ಹೆಚ್ಚುತ್ತಲೇ ಇರುತ್ತದೆ.

ಇದನ್ನು ತಪ್ಪಿಸಲು ಪೆಟ್ಟಿಗೆಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಳೆಯ ಒಂದು ತುಂಡನ್ನು ಮಲಗಿಸುತ್ತವೆ. ಸ್ಪ್ಯಾನಿಂಗ್ ಟ್ರೀ ಎನ್ನುತ್ತಾರೆ. ಬಳೆ ಮುರಿದು ಮರವಾಗುತ್ತದೆ, ಮರದಲ್ಲಿ ಸುತ್ತು ಎಂಬುದಿಲ್ಲ. ಪೆಟ್ಟಿಗೆಗಳಲ್ಲೊಂದು ಆ ಮರದ ಬೇರು, ಉಳಿದವು ಅದರ ಕೊಂಬೆಗಳು. ನಾನು ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ತಿಳಿದು ದಂಗಾಗಿದ್ದೆ, ಇವತ್ತಿಗೂ ಆ ಬೆರಗು ಇಳಿದಿಲ್ಲ. ಯಾವ ಪೆಟ್ಟಿಗೆಗೂ ಇಡೀ ನಕ್ಷೆ ಗೊತ್ತಿಲ್ಲ. ಪ್ರತಿಯೊಂದೂ ತನ್ನ ಪಕ್ಕದವರಿಗೆ ಮಾತ್ರ, ನನಗೆ ತಿಳಿದ ಬೇರು ಇಂಥದ್ದು, ಅದು ನನ್ನಿಂದ ಇಷ್ಟು ದೂರ ಎಂದು ಬಿಡುವಿಲ್ಲದೆ ಹೇಳುತ್ತಿರುತ್ತದೆ. ಅಷ್ಟರಲ್ಲೇ ಎಲ್ಲರಿಗೂ ಒಂದೇ ಬೇರು ಗೊತ್ತಾಗುತ್ತದೆ, ಯಾವ ದಾರಿ ಮಲಗಬೇಕೆಂಬುದು ತೀರ್ಮಾನವಾಗುತ್ತದೆ. ನಮ್ಮ ಓಣಿಯಲ್ಲಿ ಒಂದು ಬೋರಿನ ನೀರು ಹಂಚಿಕೊಳ್ಳಲು ವರ್ಷಗಟ್ಟಲೆ ಪಂಚಾಯ್ತಿ ಮಾಡಿದ್ದನ್ನು ಕಂಡವಳು ನಾನು. ಈ ಪೆಟ್ಟಿಗೆಗಳ ಮುಂದೆ ಕೈಮುಗಿಯಬೇಕೆನಿಸುತ್ತದೆ.

ನಮ್ಮ ಮರದ ಬೇರು ಜಮಖಂಡಿ, ಮಲಗಿದ ದಾರಿ ಮುಧೋಳ-ಬೀಳಗಿಯದು. ಹೀಗಾಗಿ ಅವ್ವನ ಮುಖ ಬೀಳಗಿಯಿಂದ ಗಲಗಲಿಯ ಮೇಲೆ ಜಮಖಂಡಿಗೆ ಬಂದು, ಅಲ್ಲಿಂದ ಬನಹಟ್ಟಿಗೆ ಇಳಿಯಬೇಕು. ಸಂಜೆ ಈ ಎರಡೂ ದಾರಿಗಳು ಜಾಮ್ ಆಗಿರುತ್ತಿದ್ದವು. ಮುಧೋಳ-ಬೀಳಗಿಯ ದಾರಿ ಖಾಲಿ ಬಿದ್ದಿರುತ್ತಿತ್ತು. ಕೈಯಾಡಿಸಿ, ಬೆರಳು ಮಡಚಿ ಅಪ್ಪನಿಗೆ ಇದನ್ನು ತಿಳಿಸಲು ನೋಡಿದೆ. ಎಲ್ಲ ನೋಡಿ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಸುಮ್ಮನ ಮಲಗಿದ ದಾರಿಗೂ ನಿಮ್ಮ ಮಾಲಕ ಪಗಾರ ಕೊಡ್ತಾನೇನ?"

ಶನಿವಾರ ಮಧ್ಯಾಹ್ನ ನಾನು ಜಮಖಂಡಿಯ ಆಫೀಸಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ. ಎದುರಿನ ಪೆಟ್ಟಿಗೆಯ ದೀಪಗಳು ಎಂದಿನಂತೆ ಒಂದೊಂದೂ ತನ್ನ ಲಯದಲ್ಲಿ ಮಿಣಮಿಣ ಎನ್ನುತ್ತಿದ್ದವು. ನೋಡುನೋಡುತ್ತಿದ್ದಂತೆ ಅಷ್ಟೂ ದೀಪಗಳು ಒಟ್ಟಿಗೆ ಮಿಟುಕತೊಡಗಿದವು, ಮರುಕ್ಷಣ ಎಷ್ಟು ಬಿರುಸಾದವೆಂದರೆ ಮಿಟುಕುವುದೇ ಕಾಣದೆ ನಿಂತಲ್ಲೇ ಉರಿಯುವಂತಾಯಿತು. ಟೇಬಲ್ಲಿನ ಫೋನುಗಳು ಒಂದಾದ ಮೇಲೊಂದು ಬಡಿದುಕೊಂಡವು. ಮುಧೋಳ ಬಂದ್, ಬೀಳಗಿ ಬಂದ್, ಜಮಖಂಡಿಯೂ ಬಂದ್. ಹೆದರಿಕೆಯಾಯಿತು ನಿಜ, ಆದರೆ ಅದಕ್ಕಿಂತ ಮೊದಲು ಬಂದದ್ದು ಬೆರಗು. ನಾಲ್ಕು ಊರಿನ ಮಾತನ್ನೆಲ್ಲ ಎಲ್ಲೋ ಹುಟ್ಟಿದ ಒಂದೇ ಒಂದು ಪ್ರಶ್ನೆ ತಿಂದು ಹಾಕುತ್ತಿತ್ತು.

ಒಂದೊಂದೇ ತಂತಿ ಕಿತ್ತು ನೋಡುತ್ತ ಹೋದೆ. ಮುಧೋಳದವರಿಗೂ ಫೋನಿನಲ್ಲಿ ಹೇಳಿ ಬನಹಟ್ಟಿಯನ್ನು ಎರಡೂ ಬದಿಯಿಂದ ಬಿಡಿಸಿದಾಗ ಉಳಿದ ಊರುಗಳು ತಣ್ಣಗಾದವು. ಬನಹಟ್ಟಿಯ ಪೆಟ್ಟಿಗೆ ಇರುವುದು ನಮ್ಮ ಮನೆಯಲ್ಲೇ. ಸ್ಕೂಟಿ ಹತ್ತಿ ಮನೆಗೆ ಬಂದೆ.

ಅಪ್ಪ ಗೂಡಿನ ಮುಂದೆ ಕಾಲುಮಣೆಯ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಖುಷಿಯಿತ್ತು.

"ಯವ್ವಾ, ಎಳಿ ಕಡದಿತ್ತ. ಜೋಡಿಸೇನಿ. ಇನ್ನ ನಿಮ್ಮವ್ವ ನಿಲ್ಲೂದಿಲ್ಲ ನೋಡ" ಎಂದ.

ಸ್ವಿಚ್ಚಿನ ಪಕ್ಕದಲ್ಲಿ ವಿಡಿಯೋ ಫೋನಿಗೆಂದು ಇನ್ನೊಂದು ಅಗ್ಗದ ಪುಟ್ಟ ಪೆಟ್ಟಿಗೆ ಇತ್ತು. ಅದಕ್ಕೆ ಹಿಂದೊಮ್ಮೆ ಹಚ್ಚಿದ್ದ ಕ್ಯಾಮೆರಾ ತೆಗೆದ ಮೇಲೆ ಅದರ ಕೇಬಲ್ಲು ಒಂದು ತುದಿ ಪೆಟ್ಟಿಗೆಯಲ್ಲಿ, ಇನ್ನೊಂದು ತುದಿ ಗಾಳಿಯಲ್ಲಿ ಜೋತಾಡಿಕೊಂಡಿತ್ತು. ಆ ತುದಿಯನ್ನು ಅಪ್ಪ ಪಕ್ಕದ ಖಾಲಿ ತೂತಿಗೆ ಚುಚ್ಚಿದ್ದ. ಒಂದೇ ಪೆಟ್ಟಿಗೆಯಿಂದ ಹೊರಟ ತಂತಿ ಅದೇ ಪೆಟ್ಟಿಗೆಗೆ ಮರಳಿ, ಅಂಗೈಯಗಲದ ಬಳೆಯೊಂದು ಹುಟ್ಟಿತ್ತು. ಆ ಪುಟ್ಟ ಪೆಟ್ಟಿಗೆಗೆ ಮರದ ಪಾಠ ಗೊತ್ತಿಲ್ಲ. ಅಲ್ಲಿ ಒಂದು ಫೋನು ಬಿಟ್ಟರೆ ಏನೂ ಇಲ್ಲವಲ್ಲ ಎಂದು ಕಂಪನಿಯವರು ಅದು ಸ್ವಿಚ್ಚಿಗೆ ಸೇರುವ ಬಾಗಿಲಿಗೆ, ಸುತ್ತು ಕಂಡರೆ ತಾನೇ ಮುಚ್ಚಿಕೊಳ್ಳುವ ಕಾವಲನ್ನೂ ಹಾಕಿರಲಿಲ್ಲ.

ಬೇರೆ ಯಾರದೋ ಮನೆಯಲ್ಲಾಗಿದ್ದರೆ ಜೋತಾಡುವ ಕೇಬಲ್ಲನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನೇಕಾರರ ಮನೆಯಲ್ಲಿ ಬಿಚ್ಚಿದ ಎಳೆ ಬಿಚ್ಚಿಯೇ ಇರಲು ಬಿಡುವುದಿಲ್ಲ. ಮಗ್ಗದ ಮೇಲಿನ ಉದ್ದ ಎಳೆಗಳ ಹಾಸಿನಲ್ಲಿ ಒಂದೆಳೆ ಹರಿದು ಜೋತರೆ, ಉಣ್ಣುವ ಕೈಯನ್ನಾದರೂ ತೊಳೆದು ಬಂದು ಮೊದಲು ಅದನ್ನು ಕಟ್ಟಬೇಕು, ಇಲ್ಲದಿದ್ದರೆ ಬಟ್ಟೆಯುದ್ದಕ್ಕೂ ಗೆರೆ ಬೀಳುತ್ತದೆ. ಅಪ್ಪನ ಬೆರಳಿಗೆ ಬುದ್ಧಿಯನ್ನು ಕೇಳುವ ರೂಢಿಯೇ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿ ಬಂದಿತ್ತು, ಅವನ ಮುಖ ನೋಡಿ ಅದು ಇಳಿದುಹೋಯಿತು. ಕೇಬಲ್ಲು ಕಿತ್ತು, ಏನಾಯಿತೆಂದು ತುಟಿ ಅಗಲಿಸಿ, ನಿಧಾನವಾಗಿ ಹೇಳಿದೆ. ಈ ಸಲ ಪೂರ್ತಿ ತಿಳಿಯಿತು.

"ಬೀಳಗೀದೂ ಬಂದ್ ಆತೇನ?"

"ಆತಪಾ."

"ನಿಮ್ಮವ್ವಂದೂ?"

ನಾನು ತಲೆ ಆಡಿಸಿದೆ. ಅಪ್ಪ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟ. ಆ ಸಂಜೆ ಮುಖ ತೊಳೆಯಲಿಲ್ಲ, ಟೊಪ್ಪಿಗೆ ಹಾಕಲಿಲ್ಲ, ತೆರೆಯ ಕಡೆ ಹಾಯಲೂ ಇಲ್ಲ.

ನಮ್ಮ ಮಾಲಕರು ಕೆಟ್ಟವರಲ್ಲ, ಆದರೆ ಆ ದಿನ ನಾಲ್ಕೂ ಊರಿನ ಬೈಗುಳ ತಿಂದಿದ್ದರು. "ನೋಡ ತಂಗಿ, ಆ ಟಿವಿ ಫೋನ್ ತಗದಬಿಡೂಣು. ಗಿರಾಕಿಗೋಳಿಗೇ ದಾರಿ ಸಾಲವಲ್ದು" ಎಂದರು. ಸೋಮವಾರದ ತನಕ ಬಿಡ್ರಿ ಎಂದು ನಾನು ಹಟ ಹಿಡಿದೆ. ಹಟದಲ್ಲಿ ನಾನು ಅಪ್ಪನ ಮಗಳೇ. "ಆತು, ಸೋಮವಾರ ತನಕ" ಎಂದರು.

ದಾರಿ ತೋರಿಸಿದವರು ಮುಧೋಳದಲ್ಲಿರುವ ನಮ್ಮ ಸಹೋದ್ಯೋಗಿ, ನನಗಿಂತ ಮೊದಲಿನಿಂದ ಈ ಕೆಲಸದಲ್ಲಿರುವ, ನಾವೆಲ್ಲ ಅಕ್ಕೋರು ಎಂದು ಕರೆಯುವ ಹೆಂಗಸು. ನಾನು ಫೋನಿನಲ್ಲಿ ಎಲ್ಲ ಹೇಳಿಕೊಂಡು ಅತ್ತಾಗ ಅವರು ಸಮಾಧಾನ ಮಾಡಲಿಲ್ಲ, ಕೇಳಿದ್ದಿಷ್ಟೇ. "ಒಂದ ಮರ ಯಾಕ? ಎರಡ ಹಚ್ಚೂಣಲ್ಲ?"

ಈ ವಿದ್ಯೆಯನ್ನು ನಾನು ಓದಿದ್ದೆ, ಕೈಯಾರೆ ಮಾಡಿರಲಿಲ್ಲ. ತಂತಿ ಒಂದೇ ಆದರೂ ಅದರೊಳಗಿನ ಮಾತುಗಳನ್ನು ಗುಂಪು ಗುಂಪಾಗಿ ಬೇರೆ ಮಾಡಬಹುದು. ಊರಿನ ಮನೆಗಳ ಇಂಟರ್ನೆಟ್ಟು ಒಂದು ಗುಂಪು, ನಮ್ಮ ವಿಡಿಯೋ ಫೋನು ಇನ್ನೊಂದು. ಪ್ರತಿ ಗುಂಪಿಗೂ ಅದರದೇ ಮರ, ಅದರದೇ ಬೇರು. ಮೊದಲನೆಯ ಮರಕ್ಕೆ ಜಮಖಂಡಿಯೇ ಬೇರಾಗಿರಲಿ, ಮುಧೋಳ-ಬೀಳಗಿಯ ದಾರಿ ಮಲಗಿರಲಿ. ಎರಡನೆಯದಕ್ಕೆ ಮುಧೋಳ ಬೇರು. ಆಗ ಮಲಗುವುದು ಗಲಗಲಿಯ ಮೇಲಿನ ದಾರಿ. ಅವ್ವನ ಮುಖ ಜಮಖಂಡಿಯ ಜಂಗುಳಿಗೆ ಹೋಗದೆ ಬೀಳಗಿಯಿಂದ ಖಾಲಿ ದಾರಿಯಲ್ಲಿ ಮುಧೋಳಕ್ಕೆ, ಮುಧೋಳದಿಂದ ನಮ್ಮ ಮನೆಯ ಗೂಡಿಗೆ. ಎರಡು ಮರಗಳೂ ಬೇರೆ ಬೇರೆ ಕಡೆ ಮುರಿದಿರುವುದರಿಂದ ಸುತ್ತು ಯಾವುದರಲ್ಲೂ ಇಲ್ಲ. ಫೋನು ಗಿರಾಕಿಗಳ ಜಾಮಾದ ದಾರಿಗೆ ಹೋಗುವುದೂ ಇಲ್ಲ, ಮಾಲಕರಿಗೆ ಅದನ್ನು ತೆಗೆಸುವ ಕಾರಣವೂ ಉಳಿಯುವುದಿಲ್ಲ.

ಭಾನುವಾರ ಊಟದ ಹೊತ್ತು, ಊರು ತೂಕಡಿಸುವಾಗ ಕೂತೆವು. ನಾನು ಬನಹಟ್ಟಿಯಲ್ಲಿ, ಅಕ್ಕೋರು ಮುಧೋಳದಲ್ಲಿ, ಭಾವ ಬೀಳಗಿಯಲ್ಲಿ. ಜಮಖಂಡಿಯ ಪೆಟ್ಟಿಗೆಯನ್ನು ದೂರದಿಂದಲೇ ಮುಟ್ಟಬಹುದಿತ್ತು. ನಾಲ್ಕೂ ಪೆಟ್ಟಿಗೆಗಳಿಗೆ ಒಂದೇ ಪಾಠ ಹೇಳಿಕೊಡಬೇಕು, ಒಂದರಲ್ಲಿ ಕೂದಲೆಳೆ ಹೆಚ್ಚುಕಡಿಮೆಯಾದರೂ ಉಳಿದವು ಅದನ್ನು ಪರವೂರಿನದೆಂದು ಹೊರಗೇ ನಿಲ್ಲಿಸುತ್ತವೆ. ಮೊದಲ ಸಲ ಹಾಗೇ ಆಯಿತು. ಬೀಳಗಿಯ ಪೆಟ್ಟಿಗೆ ನಮ್ಮ ಕೂಟಕ್ಕೆ ಸೇರಲೇ ಇಲ್ಲ. ಭಾವ ಒಂದು ಗುಂಪನ್ನು ತಪ್ಪು ಮರಕ್ಕೆ ಕಟ್ಟಿದ್ದ. ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ತಿರುಗುವ ಮನುಷ್ಯ, ಬೈಯುವ ಮನಸ್ಸಾಗಲಿಲ್ಲ. ತಿದ್ದಿಸಿದೆವು. ಅಪ್ಪ ಚುಚ್ಚಿದ್ದ ಆ ಬಾಗಿಲಿಗೂ ಕಾವಲು ಹಾಕಿದೆ.

ಆಮೇಲೆ ನನ್ನ ಕಂಪ್ಯೂಟರಿನಲ್ಲಿ ಕಂಡದ್ದನ್ನು ಹೇಗೆ ಹೇಳಲಿ. ಮುಧೋಳ-ಬೀಳಗಿಯ ದಾರಿಯ ಮುಂದೆ ಎರಡು ಸಾಲು. ಒಂದರಲ್ಲಿ ಮಲಗಿದೆ ಎಂದಿತ್ತು, ಇನ್ನೊಂದರಲ್ಲಿ ನಡೆಯುತ್ತಿದೆ ಎಂದಿತ್ತು. ಅದೇ ತಂತಿ, ಅದೇ ಗಳಿಗೆ. ನಾಲ್ಕೂರಿನ ಕ್ರಿಕೆಟ್ಟಿಗೆ ಅದು ಮುಚ್ಚಿದ ಬಾಗಿಲು, ನಮ್ಮ ಅವ್ವನಿಗೆ ತೆರೆದ ಬಾಗಿಲು. ಕೂದಲಿಗಿಂತ ಸಣ್ಣ ಗಾಜಿನೆಳೆಯೊಳಗೆ ಎರಡು ಮರಗಳು ಒಂದನ್ನೊಂದು ಮುಟ್ಟದೆ ನಿಂತಿದ್ದವು. ಇದನ್ನು ಮೊದಲು ಯೋಚಿಸಿದವರು ಯಾರೋ, ಯಾವ ದೇಶದವರೋ, ಬನಹಟ್ಟಿಯ ಹೆಸರು ಕೇಳಿರಲಿಕ್ಕಿಲ್ಲ. ಅವರನ್ನು ನೆನೆದು ನನಗೆ ಕಣ್ಣು ತುಂಬಿ ಬಂತು.

ಸಂಜೆ ಅಪ್ಪನನ್ನು ತೆರೆಯ ಮುಂದೆ ಕೂಡಿಸುವುದೇ ಒಂದು ಕೆಲಸವಾಯಿತು. "ಬ್ಯಾಡ, ನಾ ಮುಟ್ಟಿದ್ದ ಕೆಡತೈತಿ" ಎಂದು ಹಿಂದೆ ಸರಿದ. ಮುಟ್ಟುವುದು ಬೇಡ, ನೋಡಿದರೆ ಸಾಕು ಎಂದು ಕೈ ಹಿಡಿದು ಎಳೆದುಕೊಂಡು ಬಂದೆ.

ಅವ್ವ ತೆರೆಯ ಮೇಲೆ ಬಂದಳು. ನಿಲ್ಲಲಿಲ್ಲ, ತುಂಡಾಗಲಿಲ್ಲ. ಮೂಗುತಿಯ ಹೊಳಪು ಕೂಡ ಅವಳು ಕತ್ತು ಆಡಿಸಿದಂತೆ ಆಡುತ್ತಿತ್ತು. ಕೂಸು ಪಕ್ಕದಲ್ಲೇ ಮಲಗಿದ್ದರಿಂದ ಅವಳು ದನಿ ತೆಗೆಯಲಿಲ್ಲ, ಶೆಡ್ಡಿನ ಹಾಗೆ ತುಟಿ ಮಾತ್ರ ಆಡಿಸಿದಳು. ಅಪ್ಪನೂ ಹಾಗೇ. ಇಬ್ಬರೂ ಮಾತಾಡಿದರು, ತಲೆ ಆಡಿಸಿದರು, ಏನಕ್ಕೋ ನಕ್ಕರು. ಬಾಜಾರದಲ್ಲಿ ಎಲ್ಲರೂ ಕ್ರಿಕೆಟ್ಟು ನೋಡುತ್ತಿರಬೇಕು, ನಮ್ಮ ಪಡಸಾಲೆಯಲ್ಲಿ ಗಡಿಯಾರದ ಸಪ್ಪಳವಷ್ಟೇ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಿಳಿಯದೆ ನಿಂತಿದ್ದಕ್ಕೆ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಅಷ್ಟರಲ್ಲಿ ಕೂಸು ಎದ್ದಿತು. ಅವ್ವ ಅದನ್ನು ಎತ್ತಿ ತೆರೆಯ ಹತ್ತಿರ ಹಿಡಿದಳು. ಮುಖ ಕೆಂಪಗಾಗಿತ್ತು, ಬಾಯಿ ಇದ್ದಷ್ಟೂ ಅಗಲವಾಗಿತ್ತು, ಗದ್ದ ನಡುಗುತ್ತಿತ್ತು. ನನಗೆ ಅಳು ಕೇಳಿಸಿತು. ಅಪ್ಪ ಬಗ್ಗಿ ಬಗ್ಗಿ ಆ ಬಾಯಿಯನ್ನೇ ನೋಡಿದ.

"ದನಿ ಬಂತೇನ ಇದಕ್ಕ?" ಎಂದು ಗಟ್ಟಿಯಾಗಿ ಕೇಳಿದ.

"ಓಣಿಗೆಲ್ಲ ಕೇಳಸಾಕತ್ತೈತ್ರಿ. ಇವತ್ತ ಮುಂಜಾನಿಂದ ಸುರು ಮಾಡೇತಿ. ಹಾಲೂ ತಾನ ಎಳ್ಯಾಕತ್ತೈತಿ" ಎಂದಳು ಅವ್ವ, ಈಗ ದನಿ ತೆಗೆದು.

ಅಪ್ಪ ಕೈ ಚಾಚಿ ಬೆರಳುಗಳನ್ನು ಫೋನಿನ ಸ್ಪೀಕರಿನ ಮೇಲೆ ಇಟ್ಟ. ಮಗ್ಗ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಎಂದು ಅದರ ಚೌಕಟ್ಟಿನ ಮೇಲೆ ಕೈಯಿಟ್ಟು ತಿಳಿಯುತ್ತಿದ್ದವನು. ಕೂಸು ಅತ್ತಾಗೆಲ್ಲ ಅವನ ಬೆರಳ ತುದಿ ಅದುರುತ್ತಿತ್ತು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದ.

"ನಾಳಿ ಗಾಡಿಗೆ ಬರಬ್ಯಾಡ. ಅಲ್ಲೇ ಇರು" ಎಂದ.

"ಮತ್ತ ನೀವು?"

"ನನಗ ನೀ ಕಾಣಾಕತ್ತೀಯಲ್ಲ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಪ್ಪ ತೆರೆಗೆ ಇನ್ನಷ್ಟು ಹತ್ತಿರ ಸರಿದ.

"ಸೆರಗ ತಗಿ. ಮಾತ ಕಾಣವಲ್ದು."